ಗಡಿಯಾದ ಹೊಳೆ, ಗಡಿ ದಾಟಿದ ಚರಿತ್ರೆ

‘ವಿಜಯನಗರ ಜಿಲ್ಲೆಯ ಉತ್ತರದ ಗಡಿ ಯಾವುದು?’

ಪರೀಕ್ಷೆಯಲ್ಲಿ ಇದು ಒಂದು ಅಂಕದ ಪ್ರಶ್ನೆ. ‘ತುಂಗಭದ್ರಾ ನದಿ’ ಎಂದು ಬರೆದರೆ ಆ ಒಂದು ಅಂಕ ಖಂಡಿತ. ನಕ್ಷೆ ಬಿಡಿಸುವಾಗಲೂ ಅಷ್ಟೇ. ಹೊಳೆಗೊಂದು ನೀಲಿ ಗೆರೆ, ಅದರ ಮೇಲೆ ಜಿಲ್ಲೆಯ ಗಡಿಗೆ ಚುಕ್ಕಿ ಗೆರೆ. ಈಚೆ ವಿಜಯನಗರ ಮತ್ತು ಬಳ್ಳಾರಿ, ಆಚೆ ಕೊಪ್ಪಳ. ಅಲ್ಲಿಗೆ ಭೂಗೋಳದ ಪಾಠ ಮುಗಿಯಿತು.

ಆದರೆ ಇದೇ ಸೀಮೆಯ ಹಳೆಯ ಕಥೆಯನ್ನು ಹುಡುಕಿ ಹೊರಟವರಿಗೆ ಈ ಉತ್ತರ ಸಾಲದು. ಅಶೋಕನ ಶಾಸನ ಈ ದಂಡೆಯಲ್ಲೂ ಇದೆ, ಆ ದಂಡೆಯಲ್ಲೂ ಇದೆ. ಕಂಪಿಲಿಯ ಅರಸರ ಊರು ಹೊಳೆಯ ಈಚೆ, ಅವರ ಪ್ರಸಿದ್ಧ ಕೋಟೆ ಹೊಳೆಯ ಆಚೆ. ಹಂಪಿ ಈಚೆಗಾದರೆ ಅದರ ಹಿರಿಯಕ್ಕನಂತಿರುವ ಆನೆಗೊಂದಿ ಆಚೆ. ಇಂದಿನ ಗಡಿಯನ್ನು ಅಂದಿನವರು ದಿನವೂ ದಾಟುತ್ತಿದ್ದರು. ಹಾಗಾದರೆ ಈ ಹೊಳೆ ನಿಜಕ್ಕೂ ಗಡಿಯಾದದ್ದು ಯಾವಾಗ? ಅದಕ್ಕೂ ಮೊದಲು ಅದು ಏನಾಗಿತ್ತು? ವಿದ್ಯಾರ್ಥಿಗಳು ನಕ್ಷೆಯನ್ನು ಎದುರಿಗೆ ಹರಡಿಕೊಂಡು ಮುಂದೆ ಓದಬೇಕು.

ಹೊಳೆಯ ದಾರಿ

ತುಂಗಾ ಮತ್ತು ಭದ್ರಾ ಎರಡೂ ಹುಟ್ಟುವುದು ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಬೇರೆ ಬೇರೆ ದಾರಿ ಹಿಡಿದು ಹರಿದು, ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ಒಂದಾಗುತ್ತವೆ. ಅಲ್ಲಿಂದ ಸುಮಾರು 530 ಕಿ.ಮೀ. ಸಾಗಿ ಕೃಷ್ಣೆಯನ್ನು ಸೇರುವವರೆಗೆ ಇದು ತುಂಗಭದ್ರೆ. ಹರಿಹರವನ್ನು ದಾಟಿ ಬಂದ ಮೇಲೆ ಹರಪನಹಳ್ಳಿ, ಹೂವಿನಹಡಗಲಿ ತಾಲ್ಲೂಕುಗಳ ಪಶ್ಚಿಮದ ಅಂಚಿನಲ್ಲಿ ಉತ್ತರಕ್ಕೆ ಹರಿಯುತ್ತದೆ. ಆಚೆ ಹಾವೇರಿ, ಗದಗ ಜಿಲ್ಲೆಗಳು. ಅನಂತರ ಪೂರ್ವದ ಕಡೆ ತಿರುಗಿ ಹಗರಿಬೊಮ್ಮನಹಳ್ಳಿ, ಹೊಸಪೇಟೆ, ಕಂಪ್ಲಿ, ಸಿರುಗುಪ್ಪದ ಉತ್ತರಕ್ಕೆ ಗೆರೆ ಎಳೆಯುತ್ತದೆ. ದಕ್ಷಿಣದಿಂದ ಬರುವ ವೇದಾವತಿ, ಅಂದರೆ ಹಗರಿ, ಸಿರುಗುಪ್ಪದ ಕಡೆ ಇದನ್ನು ಕೂಡಿಕೊಳ್ಳುತ್ತದೆ. ಹೀಗೆ ಈ ಸೀಮೆಯನ್ನು ಪಶ್ಚಿಮ ಮತ್ತು ಉತ್ತರದಲ್ಲಿ ಹೊಳೆ ಮೊಣಕೈಯಂತೆ ಬಳಸಿಕೊಂಡಿದೆ.

ಆಡಳಿತದ ನಕ್ಷೆ ಮಾತ್ರ ಇತ್ತೀಚೆಗೆ ಬದಲಾಗಿದೆ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಜಿಸಿ ರಾಜ್ಯದ 31ನೇ ಜಿಲ್ಲೆಯಾಗಿ ವಿಜಯನಗರವನ್ನು ರಚಿಸಲಾಯಿತು. ಹೊಸಪೇಟೆ ಅದರ ಕೇಂದ್ರಸ್ಥಳ. ಹಂಪಿ ಅದರೊಳಗೆ ಬಂತು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದರೆ ಗುಡ್ಡಕ್ಕೂ ಹೊಳೆಗೂ ಈ ವಿಭಜನೆ ಗೊತ್ತಿಲ್ಲ. ಆದ್ದರಿಂದ ಈ ನಾಲ್ಕೂ ಊರುಗಳನ್ನು ಒಂದೇ ಸೀಮೆಯೆಂದು ಭಾವಿಸಿ ನೋಡುವುದೇ ಸರಿ.

ಈ ಸೀಮೆಯ ಮಳೆ ಬಹಳ ಕಡಿಮೆ. ಹೊಸಪೇಟೆಯ ಸುತ್ತ ವರ್ಷಕ್ಕೆ ಬೀಳುವುದು 600 ಮಿ.ಮೀ. ಆಸುಪಾಸು. ಹಾಗಿದ್ದೂ ಹೊಳೆ ಮಾತ್ರ ಮಲೆನಾಡಿನ ಮಳೆಯನ್ನು ಹೊತ್ತು ತರುತ್ತದೆ. ಮುಗಿಲು ನೋಡುವ ನೆಲದ ಅಂಚಿನಲ್ಲೇ ತುಂಬಿದ ಹೊಳೆ! ಇಲ್ಲಿನ ಚರಿತ್ರೆಗೆಲ್ಲ ಈ ವಿಚಿತ್ರವೇ ಮೂಲ.

ಎರಡು ಬಗೆಯ ಕಲ್ಲು

ಹಂಪಿಯ ಬಂಡೆಗಳನ್ನು ಕಂಡ ಮಕ್ಕಳು ‘ಇವನ್ನು ಇಲ್ಲಿ ಯಾರು ಪೇರಿಸಿಟ್ಟರು?’ ಎಂದು ಕೇಳುವುದುಂಟು. ವಾಲಿ ಸುಗ್ರೀವರು ಕಾದಾಡುವಾಗ ಎಸೆದ ಕಲ್ಲುಗಳಿವು ಎಂದು ಅಜ್ಜಿಯಂದಿರು ಹೇಳುತ್ತಾರೆ. ಭೂವಿಜ್ಞಾನ ಹೇಳುವುದೇ ಬೇರೆ. ಇವನ್ನು ಯಾರೂ ಪೇರಿಸಿದ್ದಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿದ ಶಿಲೆ ತಣಿದು ಗ್ರಾನೈಟ್ ಆಯಿತು. ಮೇಲಿನ ಪದರ ಸವೆದು ಅದು ಹೊರಗೆ ಬಂದ ಮೇಲೆ ಅಡ್ಡ ಉದ್ದ ಬಿರುಕುಗಳು ಬಿಟ್ಟವು. ನೀರು ಆ ಬಿರುಕಿಗಿಳಿದು ಮೂಲೆಗಳನ್ನು ತಿಂದಿತು. ಚೌಕದ ಕಲ್ಲು ನಿಂತಲ್ಲೇ ಗುಂಡಾಯಿತು. ಸುತ್ತಲಿನ ಪುಡಿ ಮಣ್ಣು ಕೊಚ್ಚಿಹೋಗಿ ಗುಂಡುಗಳಷ್ಟೇ ಒಂದರ ಮೇಲೊಂದು ಉಳಿದವು.

ಹೊಸಪೇಟೆಯಿಂದ ದಕ್ಷಿಣಕ್ಕೆ ಸುಮಾರು 30 ಕಿ.ಮೀ. ದೂರದ ಸಂಡೂರಿಗೆ ಹೊರಟರೆ ದಾರಿಯಲ್ಲೇ ನೆಲದ ಬಣ್ಣ ಬದಲಾಗುತ್ತದೆ. ಬೂದುಬಣ್ಣದ ಗುಂಡುಗಳು ಹಿಂದೆ ಸರಿದು ಕೆಂಪು ಮಣ್ಣಿನ, ಉದ್ದುದ್ದ ಬೆನ್ನಿನ, ಹಸಿರು ಹೊದ್ದ ಬೆಟ್ಟಸಾಲು ಎದುರಾಗುತ್ತದೆ. ಇದು ಹಂಪಿಯ ಗ್ರಾನೈಟಿಗಿಂತಲೂ ಹಳೆಯದು, ಸುಮಾರು 270 ಕೋಟಿ ವರ್ಷಗಳದು. ಹಳೆಯ ಕಡಲ ತಳದಲ್ಲಿ ಪದರ ಪದರವಾಗಿ ಶೇಖರವಾದ ಕಬ್ಬಿಣದ ನಿಕ್ಷೇಪ ಮಡಿಚಿಕೊಂಡು ಮೇಲೆದ್ದು ಬೆಟ್ಟವಾಗಿದೆ. ಕುಮಾರಸ್ವಾಮಿ ಬೆಟ್ಟಕ್ಕೆ ‘ಲೋಹಾಚಲ’ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಈ ಸಾಲನ್ನು ಸೀಳಿಕೊಂಡು ಹರಿಯುವ ನಾರಿಹಳ್ಳ ಎರಡು ಕಡೆ ಕಿರಿದಾದ ಕಂದರಗಳನ್ನು ಕೊರೆದಿದೆ. ಇಂತಹ ಕಂದರವನ್ನು ಇಲ್ಲಿನವರು ‘ಗಂಡಿ’ ಎನ್ನುತ್ತಾರೆ. ಅವೇ ಓಬಳಗಂಡಿ, ಭೀಮಗಂಡಿ.

ಈ ಎರಡು ಬಗೆಯ ಕಲ್ಲನ್ನು ಮೊದಲು ಕ್ರಮವಾಗಿ ಅಭ್ಯಸಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್. ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಕಲ್ಲನ್ನು ನೋಡಲು ಬಂದ ಫೂಟ್ ಕಲ್ಲಿನ ಕೊಡಲಿಗಳನ್ನೂ ಕಂಡರು. ಬೆಟ್ಟದಲ್ಲಿ ಅದಿರನ್ನು ಹುಡುಕುತ್ತಿದ್ದ ಕಣ್ಣಿಗೆ ಮನುಷ್ಯನ ಹೆಜ್ಜೆ ಬಿತ್ತು.

ಬೂದಿದಿಬ್ಬದ ಒಗಟು

ಹಂಪಿಯ ಬಳಿಯ ನಿಂಬಾಪುರದಲ್ಲಿ ಒಂದು ಬೂದಿಯ ದಿಬ್ಬವಿದೆ. ವಾಲಿಯನ್ನು ದಹನ ಮಾಡಿದ ಜಾಗವದು ಎಂದು ಜನರ ನಂಬಿಕೆ. ಬಳ್ಳಾರಿಯ ಹಾದಿಯಲ್ಲಿ ಕುಡತಿನಿಯ ಬಳಿಯೂ ಅಂತಹದೇ ದೊಡ್ಡ ದಿಬ್ಬವೊಂದಿದೆ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಇಂತಹವು ಹಲವು. ಒಡೆದು ನೋಡಿದರೆ ಬೂದಿ ಮಾತ್ರವಲ್ಲ, ಕರಗಿ ಗಟ್ಟಿಯಾದ ಗಾಜಿನಂಥ ಕಿಟ್ಟವೂ ಸಿಗುತ್ತದೆ. ಜ್ವಾಲಾಮುಖಿ ಇರಬೇಕು ಎಂದು ಕೆಲವರು ಊಹಿಸಿದರು. ಲೋಹ ಕರಗಿಸಿದ ಕುರುಹು ಎಂದರು ಇನ್ನು ಕೆಲವರು. ಸಾಮೂಹಿಕ ದಹನ ನಡೆದಿರಬೇಕೆಂದು ಹೇಳಿದವರೂ ಇದ್ದರು.

ಉತ್ತರ ಇವೆಲ್ಲಕ್ಕಿಂತ ಸರಳ. ಅದು ಸಗಣಿ! ಫೂಟ್ ಇದನ್ನು ಅಂದೇ ಸರಿಯಾಗಿ ಊಹಿಸಿದ್ದರು. 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನಲ್ಲಿ ಎಫ್. ಆರ್. ಆಲ್ಚಿನ್ ಇಂತಹದೇ ದಿಬ್ಬವನ್ನು ಅಗೆದಾಗ ಮರದ ಬೇಲಿಯ ಕಂಬಗಳು ನಿಂತಿದ್ದ ಗುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡವು. ಅದು ದನದ ದೊಡ್ಡಿಯಾಗಿತ್ತು. ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಆಗಾಗ ಬೆಂಕಿ ಇಟ್ಟಿದ್ದರಿಂದ ಪದರದ ಮೇಲೆ ಪದರ ಬೂದಿ ಬೆಳೆದಿತ್ತು. ದಕ್ಷಿಣ ಭಾರತದ ಈ ನವಶಿಲಾಯುಗದ ಕಾಲ ಸುಮಾರು ಕ್ರಿ.ಪೂ. 3000ದಿಂದ 1200ರವರೆಗೆ.

ಆ ಜನ ಬರೀ ದನ ಕಾಯ್ದುಕೊಂಡಿರಲಿಲ್ಲ. ಬಳ್ಳಾರಿಗೆ ಅಂಟಿಕೊಂಡಂತಿರುವ ಸಂಗನಕಲ್ಲು, ಕಪ್ಪಗಲ್ಲು ಗುಡ್ಡಗಳಲ್ಲಿ ಅವರ ವಸತಿಯಿತ್ತು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಅಲ್ಲಿ ಉತ್ಖನನ ನಡೆಸಿದರು. ಮುಂದೆ ರವಿ ಕೊರಿಶೆಟ್ಟರ್ ಮತ್ತು ಅವರ ವಿದೇಶಿ ಸಂಗಾತಿಗಳು ಆ ಕೆಲಸವನ್ನು ವಿಸ್ತರಿಸಿದರು. ಗ್ರಾನೈಟಿನ ನಡುವೆ ಹಾದುಹೋಗುವ ಕಪ್ಪು ಕಲ್ಲಿನ ಪಟ್ಟಿಯಿಂದ ಕೊಡಲಿಗಳನ್ನು ಮಾಡುವ ಕಾರ್ಖಾನೆಯೇ ಅಲ್ಲಿತ್ತು. ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದಾಗ ಸುಟ್ಟ ಕಾಳುಗಳು ದೊರೆತವು. ಹುರುಳಿ, ಹೆಸರು, ಕೊರಲೆ! ನಮ್ಮ ಮನೆಯ ಹುರುಳಿಸಾರಿಗೆ ನಾಲ್ಕು ಸಾವಿರ ವರ್ಷಗಳ ವಂಶಾವಳಿ ಇದೆಯೆಂದು ತಿಳಿದರೆ ಊಟಕ್ಕೆ ತಕರಾರು ಮಾಡುವ ಮಕ್ಕಳೂ ಒಮ್ಮೆ ತಟ್ಟೆಯ ಕಡೆ ನೋಡಿಯಾರು.

ಅವರ ಆಯ್ಕೆಯನ್ನು ಗಮನಿಸಿ. ಆಸರೆಗೆ ಗುಂಡುಗಲ್ಲಿನ ಗುಡ್ಡ, ಆಯುಧಕ್ಕೆ ಕಪ್ಪು ಕಲ್ಲು, ದನಕ್ಕೆ ಬಯಲು, ಬೇಸಿಗೆಯಲ್ಲಿ ಬತ್ತದ ಹೊಳೆಯ ನೀರು. ಇವಿಷ್ಟೂ ಹೊಳೆಯ ಎರಡೂ ದಂಡೆಯಲ್ಲಿ ಇದ್ದವು. ಅದಕ್ಕೇ ಅವರ ದಿಬ್ಬಗಳೂ ಎರಡೂ ದಂಡೆಯಲ್ಲಿವೆ. ಅನಂತರ ಬಂದ ಕಬ್ಬಿಣದ ಕಾಲದವರು ಸತ್ತವರಿಗಾಗಿ ಕಲ್ಲುಚಪ್ಪಡಿಗಳ ಕೋಣೆಗಳನ್ನು ಕಟ್ಟಿದರು. ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಅಂತಹವು ನೂರಾರು ಇವೆ. ಊರವರು ಅವನ್ನು ‘ಮೋರೇರ ಮನೆ’ಗಳೆಂದು ಕರೆಯುತ್ತಾರೆ.

ಎರಡು ದಂಡೆಗೂ ಒಂದೇ ಮಾತು

ಇಲ್ಲಿಯವರೆಗೆ ಅಕ್ಷರವಿಲ್ಲದ ಕಾಲ. ಅಕ್ಷರ ಬಂದದ್ದು ಕ್ರಿ.ಪೂ. 3ನೇ ಶತಮಾನದಲ್ಲಿ, ಅಶೋಕನ ಶಾಸನಗಳೊಂದಿಗೆ. ಆಚೆ ದಂಡೆಯ ಕೊಪ್ಪಳದಲ್ಲಿ ಗವಿಮಠ ಮತ್ತು ಪಾಲ್ಕಿಗುಂಡು, ಇನ್ನೂ ಉತ್ತರಕ್ಕೆ ಮಸ್ಕಿ. ಈಚೆ ದಂಡೆಯಲ್ಲಿ ಸಿರುಗುಪ್ಪದ ಕಡೆಯ ನಿಟ್ಟೂರು ಮತ್ತು ಉದೆಗೋಳ. ಬೇರೆ ಬಹುತೇಕ ಕಡೆ ಅಶೋಕ ತನ್ನನ್ನು ‘ದೇವಾನಾಂಪ್ರಿಯ’ ಎಂದಷ್ಟೇ ಕರೆದುಕೊಂಡಿದ್ದಾನೆ. ‘ಅಶೋಕ’ ಎಂಬ ಹೆಸರು ಸ್ಪಷ್ಟವಾಗಿ ಕಾಣುವ ಕೆಲವೇ ಶಾಸನಗಳಲ್ಲಿ ಮಸ್ಕಿ, ನಿಟ್ಟೂರು, ಉದೆಗೋಳದವು ಸೇರಿವೆ. ಆ ಚಕ್ರವರ್ತಿಯ ಹೆಸರನ್ನು ಜಗತ್ತಿಗೆ ಖಚಿತಪಡಿಸಿಕೊಟ್ಟದ್ದು ನಮ್ಮ ಈ ಕಲ್ಲುಸೀಮೆ! ಪಾಟಲೀಪುತ್ರದ ಅಧಿಕಾರಿಗಳಿಗೆ ಹೊಳೆ ಗಡಿಯಾಗಿ ಕಂಡಿರಲಿಲ್ಲ. ಎರಡು ದಂಡೆಯ ಜನಕ್ಕೂ ಒಂದೇ ಮಾತನ್ನು ಬರೆಸಿದರು.

ಅನಂತರ ಈ ನಾಡಿಗೆ ಒಂದು ಹೆಸರೂ ಬಂತು. ಆದೋನಿ ಕಡೆಯ ಮ್ಯಾಕದೋನಿಯ ಶಾಸನ ಇದನ್ನು ‘ಸಾತವಾಹನಿಹಾರ’ ಎಂದಿದೆ. ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ಸಿಕ್ಕ ತಾಮ್ರಶಾಸನ ‘ಸಾತಾಹನಿರಟ್ಠ’ ಎನ್ನುತ್ತದೆ. ಆ ಶಾಸನ ಪ್ರಾಕೃತ ಭಾಷೆಯಲ್ಲಿದೆ, ಹೊರಡಿಸಿದವನು ಕಂಚಿಯಿಂದ ಆಳುತ್ತಿದ್ದ ಪಲ್ಲವ ಶಿವಸ್ಕಂದವರ್ಮ, ಕಾಲ ಸುಮಾರು ಕ್ರಿ.ಶ. 4ನೇ ಶತಮಾನ. ಸಾತವಾಹನರ ಆಳ್ವಿಕೆ ಮುಗಿದ ಮೇಲೂ ಅವರ ಹೆಸರು ನೆಲಕ್ಕೆ ಅಂಟಿಕೊಂಡಿತ್ತೆಂಬುದಕ್ಕೆ ಇದೇ ಸಾಕ್ಷಿ.

ಪಂಪೆಯಿಂದ ಕಂಪಿಲಿಗೆ

ಹೊಳೆಯ ಹಳೆಯ ಹೆಸರು ಪಂಪಾ. ಕನ್ನಡದಲ್ಲಿ ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಪಂಪೆ ಹಂಪೆಯಾಯಿತು. ಬಾದಾಮಿ ಚಾಲುಕ್ಯ ವಿನಯಾದಿತ್ಯ 7ನೇ ಶತಮಾನದ ಕೊನೆಯಲ್ಲಿ ಪಂಪಾತೀರದಲ್ಲಿ ಬೀಡುಬಿಟ್ಟಿದ್ದನೆಂದು ಶಾಸನದಿಂದ ತಿಳಿಯುತ್ತದೆ. ವಿಜಯನಗರ ಹುಟ್ಟುವುದಕ್ಕೆ ಆರು ಶತಮಾನಕ್ಕೂ ಮೊದಲೇ ಇದು ಹೆಸರಾಂತ ತೀರ್ಥ. ಸಂಡೂರಿನ ಬೆಟ್ಟದ ಮೇಲಿನ ಪಾರ್ವತಿ ಗುಡಿಯೂ ಹೆಚ್ಚುಕಡಿಮೆ ಆ ಕಾಲಕ್ಕೆ ಹತ್ತಿರದ್ದು.

ಹಂಪಿಯಿಂದ ಹೊಳೆಯ ಜೊತೆಗೇ ಕೆಳಗೆ ಸಾಗಿದರೆ ಕಂಪ್ಲಿ. ಇಂದು ಕಬ್ಬು, ಬಾಳೆ, ಭತ್ತದ ಊರು. ಶಾಸನಗಳಲ್ಲಿ ಇದು ‘ಕಂಪಿಲಿ’. ಇಲ್ಲಿ ಕಲ್ಯಾಣ ಚಾಲುಕ್ಯರ ಅರಮನೆ ಇತ್ತು. 11ನೇ ಶತಮಾನದಲ್ಲಿ ಚೋಳ ರಾಜಾಧಿರಾಜ ಅದನ್ನು ಹಾಳುಗೆಡವಿದನೆಂದು ಚೋಳರ ಶಾಸನಗಳು ಹೆಮ್ಮೆಯಿಂದ ಸಾರುತ್ತವೆ. ಶತ್ರು ಹೆಸರಿಟ್ಟು ಹೇಳಿಕೊಳ್ಳಬೇಕಾದರೆ ಊರು ಸಣ್ಣದಿರಲಾರದು.

13ನೇ ಶತಮಾನದ ಕೊನೆಯಲ್ಲಿ ಮುಮ್ಮಡಿ ಸಿಂಗೆಯ ನಾಯಕ ಇಲ್ಲಿ ತಲೆಯೆತ್ತಿದ. ಅವನ ಮಗ ಕಂಪಿಲರಾಯ, ಮೊಮ್ಮಗ ಕುಮಾರರಾಮ. ಅವರ ನೆಲೆಗಳು ಮೂರು. ಹೊಳೆದಂಡೆಯ ಕಂಪಿಲಿ, ಸಂಡೂರು ಕಡೆಯ ಗುಡ್ಡಗಳಲ್ಲಿನ ಹೊಸಮಲೆದುರ್ಗ, ಮತ್ತು ಹೊಳೆಯಾಚೆ ಈಗಿನ ಕೊಪ್ಪಳ ಜಿಲ್ಲೆಯ ಕುಮ್ಮಟದುರ್ಗ. ನಕ್ಷೆಯಲ್ಲಿ ಈ ಮೂರನ್ನೂ ಗುರುತಿಸಿ ಗೆರೆ ಎಳೆಯಿರಿ. ತ್ರಿಕೋನದ ನಡುವೆ ಹೊಳೆ ಹರಿಯುತ್ತದೆ! ಅವರಿಗೆ ಹೊಳೆ ರಾಜ್ಯದ ಅಂಚಲ್ಲ, ರಾಜ್ಯದ ನಡುಮನೆ.

ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಷಾಸ್ಪ್ ಕಂಪಿಲರಾಯನಲ್ಲಿ ಆಶ್ರಯ ಬೇಡಿ ಬಂದ. ರಾಯ ಅವನನ್ನು ಒಪ್ಪಿಸಲಿಲ್ಲ. 1327ರಲ್ಲಿ ದೆಹಲಿಯ ಸೇನೆ ಮುತ್ತಿ ಕಂಪಿಲಿ ರಾಜ್ಯ ಅಳಿಯಿತು. ನಂಬಿ ಬಂದವನನ್ನು ಬಿಟ್ಟುಕೊಡದೆ ಹೋರಾಡಿ ಮಡಿದ ಈ ಅರಸನ ಕಥೆಯನ್ನು ಪ್ರವಾಸಿ ಇಬ್ನ್ ಬತೂತಾ ಕೂಡ ಬರೆದಿದ್ದಾನೆ. ಕುಮಾರರಾಮನ ಕಥೆಯಂತೂ ಕಾವ್ಯವಾಗಿ, ಜನಪದರ ಹಾಡಾಗಿ ಉಳಿದಿದೆ. ಒಂಬತ್ತು ವರ್ಷದ ಬಳಿಕ, 1336ರಲ್ಲಿ, ಅದೇ ಹೊಳೆ, ಅದೇ ಬಂಡೆಗಳ ನಡುವೆ ಹರಿಹರ ಬುಕ್ಕರ ರಾಜ್ಯ ತಲೆಯೆತ್ತಿತು. ವಿಜಯನಗರ ಬರಿಗಾಡಿನಲ್ಲಿ ಹುಟ್ಟಲಿಲ್ಲ. ಹಳೆಯ ಒಲೆಯ ಕೆಂಡದಿಂದಲೇ ಹೊಸ ಒಲೆ ಹೊತ್ತಿತು.

ಕಾಲುವೆ, ಹರಿಗೋಲು, ಅಣೆಕಟ್ಟು

ಮಳೆ ಕಡಿಮೆ, ಹೊಳೆ ತುಂಬು. ಈ ವಿಚಿತ್ರವನ್ನು ವರವಾಗಿಸಿದವರು ವಿಜಯನಗರದ ಕಾಲುವೆ ತೋಡಿದವರು. ಹೊಳೆಗೆ ಅಡ್ಡಲಾಗಿ ಬಂಡೆಯಿಂದ ಬಂಡೆಗೆ ಕಲ್ಲಿನ ತಗ್ಗಾದ ಅಣೆಗಳನ್ನು ಹಾಕಿ ನೀರನ್ನು ಪಕ್ಕಕ್ಕೆ ತಿರುಗಿಸಿದರು. ಬಲದಂಡೆಯಲ್ಲಿ ರಾಯ ಕಾಲುವೆ, ಬಸವಣ್ಣ ಕಾಲುವೆ, ತುರುತ್ತು, ರಾಮಸಾಗರ, ಕಂಪ್ಲಿ ಕಾಲುವೆಗಳು. ಎಡದಂಡೆಯಲ್ಲಿ ಹುಲಿಗಿ, ಆನೆಗೊಂದಿ, ಗಂಗಾವತಿ ಕಾಲುವೆಗಳು. ಇವು ಇಂದಿಗೂ ಗದ್ದೆಗೆ ನೀರುಣಿಸುತ್ತಿವೆ. ಹಂಪಿಯ ಹಾಳು ಮಂಟಪಗಳನ್ನು ನೋಡಿ ಬರುವವರು ಪಕ್ಕದಲ್ಲೇ ಹರಿಯುವ ಕಾಲುವೆಯನ್ನು ನೋಡದೆ ಬರುತ್ತಾರೆ. ರಾಜಧಾನಿ 1565ರಲ್ಲಿ ಹಾಳಾಯಿತು, ಕಾಲುವೆ ಹಾಳಾಗಲಿಲ್ಲ.

ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್ ಇಲ್ಲಿ ಬುಟ್ಟಿಯಂತಹ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿದ್ದಾನೆ. ಅದೇ ನಮ್ಮ ಹರಿಗೋಲು.

ಹಾಗಾದರೆ ಹೊಳೆ ಗಡಿಯಾದದ್ದೆಂದು? ರಾಯಚೂರು ದೋಆಬಿಗಾಗಿ ವಿಜಯನಗರ ಮತ್ತು ಬಹಮನಿ ಅರಸರು ಕಾದಾಡಿದಾಗ ಅದು ಆಗಾಗ ಯುದ್ಧದ ಗೆರೆಯಾಗಿತ್ತು. ಆದರೆ ನಕ್ಷೆಯ ಮೇಲೆ ಅದು ಗಟ್ಟಿಯಾಗಿ ಕುಳಿತದ್ದು 1800ರಲ್ಲಿ. ಆ ವರ್ಷ ನಿಜಾಮ ದಕ್ಷಿಣದ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಬಳ್ಳಾರಿ ಮದ್ರಾಸಿಗೆ ಸೇರಿತು, ಆಚೆ ದಂಡೆ ಹೈದರಾಬಾದಿನಲ್ಲಿ ಉಳಿಯಿತು. ನಡುವೆ ಸಂಡೂರು ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು. ಅದು 1949ರಲ್ಲಿ ವಿಲೀನವಾಯಿತು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಬಂತು. 1956ರಲ್ಲಿ ರಾಯಚೂರು, ಕೊಪ್ಪಳ ಕೂಡಿಕೊಂಡವು. ಎರಡು ದಂಡೆಗಳು ಮತ್ತೆ ಒಂದು ರಾಜ್ಯದಲ್ಲಿ ಸೇರಲು 156 ವರ್ಷ ಬೇಕಾಯಿತು.

ಅಣೆಕಟ್ಟೆಯ ಕೆಲಸ ಆರಂಭವಾದದ್ದು ಈ ಒಡಕಿನ ಕಾಲದಲ್ಲೇ. 1945ರಲ್ಲಿ ಶಂಕುಸ್ಥಾಪನೆಯಾದಾಗ ಒಂದು ದಂಡೆ ಮದ್ರಾಸಿನದು, ಇನ್ನೊಂದು ಹೈದರಾಬಾದಿನದು. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಅಂದು ಜಲಾಶಯದ ಸಾಮರ್ಥ್ಯ 133 ಟಿ.ಎಂ.ಸಿ. ಅಡಿ. ಹೂಳು ತುಂಬಿ ಈಗ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಹೊಳೆಯ ನಡುವೆಯೇ ತಾತ್ಕಾಲಿಕ ತಡೆಯನ್ನು ಇಳಿಸಿ ನೀರು ನಿಲ್ಲಿಸುವವರೆಗೆ ಎರಡೂ ದಂಡೆಯ ರೈತರು ನಿದ್ದೆಗೆಟ್ಟರು. ಹೊಳೆ ಎರಡು ದಂಡೆಗೂ ಒಂದೇ ಎಂಬುದು ಅಂದು ಯಾರಿಗೂ ಪಾಠ ಹೇಳಿ ತಿಳಿಸಬೇಕಾಗಿರಲಿಲ್ಲ.

ಉಳಿದಿರುವುದನ್ನು ನೋಡಿ ಬನ್ನಿ

ಹಂಪಿ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕೆ ಕಾವಲಿದೆ. ಆದರೆ ಅದಕ್ಕಿಂತ ಮೂರು ಸಾವಿರ ವರ್ಷ ಹಿರಿಯವಾದ ಬೂದಿದಿಬ್ಬಗಳಲ್ಲಿ ಹಲವಕ್ಕೆ ಕಾವಲಿಲ್ಲ. ಬೂದಿ ಒಳ್ಳೆಯ ಗೊಬ್ಬರ ಎಂದು ಹೊಲಗಳಿಗೆ ಸಾಗಿಸಿ ಎಷ್ಟೋ ದಿಬ್ಬಗಳು ಕರಗಿವೆ. ಸಂಗನಕಲ್ಲಿನ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ಕಡಿದಿದೆ. ಸಂಡೂರಿನ ಬೆಟ್ಟಗಳ ಕಥೆ ಎಲ್ಲರಿಗೂ ಗೊತ್ತು. ಮಿತಿಮೀರಿದ ಗಣಿಗಾರಿಕೆಯನ್ನು 2011ರಲ್ಲಿ ಸುಪ್ರೀಂ ಕೋರ್ಟೇ ತಡೆಯಬೇಕಾಯಿತು. ಅನಂತರ ನಿರ್ಬಂಧಗಳೊಂದಿಗೆ ಅದು ಮತ್ತೆ ಆರಂಭವಾಗಿದೆ. ಕಬ್ಬಿಣ ಬೇಡವೆಂದು ಯಾರೂ ಹೇಳುವುದಿಲ್ಲ. ಗೊಬ್ಬರ ಹೊತ್ತ ರೈತನನ್ನು ದೂರುವುದೂ ಸರಿಯಲ್ಲ. ಅದು ಏನೆಂದು ಅವನಿಗೆ ಹೇಳಿದವರು ಯಾರು? ಶಾಸನ ಹೋದರೆ ಅದರ ಪಡಿಯಚ್ಚಾದರೂ ಉಳಿದೀತು. ಅಕ್ಷರವಿಲ್ಲದ ಜನರ ಚರಿತ್ರೆಗೆ ಆ ಮಣ್ಣೇ ಪುಸ್ತಕ. ಅದನ್ನು ಒಮ್ಮೆ ಅಗೆದು ಚೆಲ್ಲಿದರೆ ಎರಡನೆಯ ಪ್ರತಿ ಇಲ್ಲ.

ಒಳ್ಳೆಯ ಸುದ್ದಿಯೂ ಉಂಟು. ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ಸಂಗನಕಲ್ಲು ವಸ್ತುಸಂಗ್ರಹಾಲಯವಿದೆ. ಕಲ್ಲಿನ ಕೊಡಲಿಗಳನ್ನು ಮಕ್ಕಳು ಅಲ್ಲಿ ಹತ್ತಿರದಿಂದ ನೋಡಬಹುದು. ಹೊಳೆಯ ಒಂದು ಭಾಗವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆಂದು ಮೀಸಲಿಡಲಾಗಿದೆ.

ಮುಂದಿನ ರಜೆಯಲ್ಲಿ ತಂದೆತಾಯಿಗಳು ಮಕ್ಕಳನ್ನು ಹಂಪಿಗೆ ಕರೆದೊಯ್ದರೆ ಕಲ್ಲಿನ ರಥದ ಮುಂದೆ ಚಿತ್ರ ತೆಗೆಸಿಕೊಂಡು ಮರಳಬೇಡಿ. ಕಾಲುವೆಯ ಏರಿಯ ಮೇಲೆ ಒಂದಿಷ್ಟು ದೂರ ನಡೆಯಿರಿ. ಹೊಳೆ ದಾಟಿ ಆನೆಗೊಂದಿಗೆ ಹೋಗಿ ಬನ್ನಿ. ಕಂಪ್ಲಿಯಲ್ಲಿ ಹೊಳೆದಂಡೆಗಿಳಿದು ಎದುರಿನ ಗುಡ್ಡಗಳನ್ನು ತೋರಿಸಿ. ಸಂಡೂರಿನ ಗಂಡಿಯಲ್ಲಿ ಕೆಂಪು ಕಲ್ಲನ್ನೂ ಹಂಪಿಯಲ್ಲಿ ಬೂದು ಕಲ್ಲನ್ನೂ ಕೈಯಿಂದ ಮುಟ್ಟಿ ನೋಡಲಿ. ನೆಲದಲ್ಲಿ ಹಳೆಯ ವಸ್ತು ಕಂಡರೆ ಜೇಬಿಗೆ ಹಾಕಿಕೊಳ್ಳದೆ, ಸಿಕ್ಕ ಜಾಗವನ್ನು ಬರೆದುಕೊಂಡು ಶಾಲೆಯ ಮೇಷ್ಟರಿಗೆ ತಿಳಿಸಲಿ. ವಸ್ತುವಿಗಿಂತ ಅದು ಇದ್ದ ಜಾಗಕ್ಕೇ ಬೆಲೆ ಹೆಚ್ಚು.

ಮನೆಗೆ ಬಂದ ಮೇಲೆ ಮತ್ತೊಂದು ನಕ್ಷೆ ಬಿಡಿಸಲಿ. ಅದರಲ್ಲಿ ಜಿಲ್ಲೆಯ ಚುಕ್ಕಿ ಗೆರೆ ಬೇಡ. ಹೊಳೆ, ಗುಡ್ಡ, ಕಾಲುವೆ, ಹಳೆಯ ಊರುಗಳು ಇದ್ದರೆ ಸಾಕು. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ‘ತುಂಗಭದ್ರಾ ನದಿ’ ಎಂದೇ ಬರೆಯಲಿ, ತಪ್ಪಿಲ್ಲ. ಉಳಿದ ಉತ್ತರ ಅವರ ಆ ನಕ್ಷೆಯಲ್ಲಿರುತ್ತದೆ.